ಬಾಗಿದ ಮೊಹರು

"ಹೆಲ್ಮೆಟ್ ಹಾಕ್ಕೊಳ್ಳಿ ಸ್ವಾಮಿ, ನಾಚ್ಕೋಬೇಡಿ. ಬಂದೋರೆಲ್ಲ ಮೊದ್ಲು ನಾಚ್ಕೋತಾರೆ. ಆಮೇಲೆ ಇಳೀರಿ ಅಂದ್ರೂ ಇಳಿಯಲ್ಲ."

ಇನ್ಸ್‌ಪೆಕ್ಟರ್ ಉಸಾಮಿ ಹೆಲ್ಮೆಟ್ಟಿನೊಳಗೆ ತಲೆ ತೂರಿಸಿದ. ತರಬೇತಿ ವಿಮಾನದ ಮುಂದಿನ ಸೀಟು ಎಷ್ಟು ಇಕ್ಕಟ್ಟಾಗಿತ್ತೆಂದರೆ ಮೊಣಕಾಲು ಗಲ್ಲಕ್ಕೆ ತಾಗುವಂತಿತ್ತು. ಪಕ್ಕದ ಏಣಿಯ ಮೇಲೆ ನಿಂತಿದ್ದ ಇಸೋಬೆ ಎಂಬ ಎಪ್ಪತ್ತೊಂದರ ಸ್ವಯಂಸೇವಕಿ ಅವನ ಗಲ್ಲದ ಕೆಳಗೆ ಪಟ್ಟಿ ಬಿಗಿದಳು. ಮೂವತ್ತು ವರ್ಷ ವಿಮಾನದ ಕಾರ್ಖಾನೆಯಲ್ಲಿ ರಿವೆಟ್ ಹೊಡೆದ ಕೈ ಅದು. ಉಸಾಮಿಗೆ ಉಸಿರು ಕಟ್ಟಿದಂತಾಯಿತು.

"ಕೋಲು ಎಡಕ್ಕೆ ವಾಲ್ಸಿ. ಈಗ ಎಡಗಡೆ ರೆಕ್ಕೆ ತುದಿ ನೋಡಿ."

ರೆಕ್ಕೆಯ ತುದಿಯ ಹಲಗೆ ಮೆಲ್ಲನೆ ಮೇಲೆದ್ದಿತು. ಬಲಕ್ಕೆ ವಾಲಿಸಿದ, ಹಲಗೆ ಇಳಿಯಿತು. ನಲವತ್ತಾರು ವರ್ಷದ ಉಸಾಮಿಗೆ ಒಂದು ಕ್ಷಣ ಖುಷಿಯಾಯಿತು. ಮರುಕ್ಷಣವೇ ಆ ಖುಷಿಯ ಬಗ್ಗೆ ನಾಚಿಕೆಯಾಯಿತು.

ತಾತೆಹಾಮಾದ ಈ 'ಮುಟ್ಟಿ ನೋಡುವ' ವಿಮಾನ ಮ್ಯೂಸಿಯಮ್ಮಿಗೆ ಅವನು ಕಾಲಿಟ್ಟದ್ದು ಇದೇ ಮೊದಲು. ರಜೆ ಹಾಕಿ, ಮಾಮೂಲಿ ಅಂಗಿ ತೊಟ್ಟು, ಎಲ್ಲರಂತೆ ಟಿಕೆಟ್ ಕೊಂಡು ಬಂದಿದ್ದ. ಆದರೆ ಅವನೇ ಬರೆದ ವರದಿಯಲ್ಲಿ ಬೇರೆಯೇ ಇತ್ತು. 'ತನಿಖಾಧಿಕಾರಿಯು ಸ್ಥಳಕ್ಕೆ ಖುದ್ದಾಗಿ ಭೇಟಿ ನೀಡಿ, ವಿಮಾನವನ್ನೂ ತಪಾಸಣೆ ಪುಸ್ತಕವನ್ನೂ ಕಣ್ಣಾರೆ ಪರಿಶೀಲಿಸಿದ್ದಾರೆ' ಎಂದು ಹನ್ನೆರಡು ದಿನಗಳ ಹಿಂದೆಯೇ ಬರೆದು, ಕೆಳಗೆ ಸಹಿಯ ಬದಲಿಗೆ ತನ್ನ ಹೆಸರಿನ ಮೊಹರು ಒತ್ತಿದ್ದ.

"ಆ ನೀಲಿ ವಿಮಾನಕ್ಕೆ ಯಾಕಮ್ಮಾ ಹಗ್ಗ ಕಟ್ಟಿದ್ದೀರಿ?" ಗೊತ್ತಿದ್ದೂ ಕೇಳಿದ.

ಇಸೋಬೆಯ ಬಾಯಿಯ ನಗು ಹಾಗೇ ನಿಂತಿತು.

"ಪೇಪರ್ ಓದಲ್ವಾ ನೀವು? ಹೋದ್ ತಿಂಗಳ ಕೊನೇ ಭಾನುವಾರ ಅದರ ಮುಂದಿನ ಚಕ್ರ ಮಡಚ್ಕೊಂಡು ಮೂತಿ ನೆಲಕ್ಕೆ ಬಿತ್ತು. ಕೆಳಗೆ ನಿಂತು ಜನಕ್ಕೆ ವಿವರ ಹೇಳ್ತಿದ್ದ ನಮ್ಮ ಸೆರಿಜಾವಾಳ ಎರಡೂ ಕಾಲು ಜಜ್ಜಿಹೋಯ್ತು. ಮೂರು ಆಪರೇಷನ್ ಆಗಿದೆ, ಇನ್ನೂ ಕಣ್ಣು ಬಿಟ್ಟು ಮಾತಾಡಿಲ್ಲ."

"ಚಕ್ರ ಯಾಕೆ ಮಡಚ್ಕೊಳ್ತು?"

"ಒಳಗೆ ಒಂದು ಹಿಡಿಕೆ ಇದೆ, ಬಂದೋರು ಎಳೀತಾರೆ. ಚಕ್ರದ ಕಾಲಿಗೆ ಲಾಕ್ ಪಿನ್ ಹಾಕಿದ್ರೆ ಎಷ್ಟೇ ಎಳೆದ್ರೂ ದೀಪ ಹಸಿರಿಂದ ಕೆಂಪಾಗುತ್ತೆ, ಅಷ್ಟೇ. ಆವತ್ತು ಪಿನ್ ಇರ್ಲಿಲ್ಲ. ಒಬ್ಬ ಅಜ್ಜಿ ಖುಷಿಯಿಂದ ಎಳೆದ್ರು."

ಅವಳು ಏಣಿಯ ಕಂಬಿಯನ್ನು ಅಂಗೈಯಲ್ಲಿ ಒಂದೇಟು ಹೊಡೆದಳು.

"ದಿನಾ ಬೆಳಿಗ್ಗೆ ವಿಮಾನ ತಪಾಸಣೆ ಮಾಡೋ ಕುರಾಮೊಚಿ ಮೇಷ್ಟ್ರು ಪಿನ್ ಹಾಕೋದು ಮರೆತ್ರಂತೆ! ಐವತ್ತು ವರ್ಷ ವಿಮಾನ ರಿಪೇರಿ ಮಾಡಿದೋರು. ಒಂದೊಂದಕ್ಕೂ ಬೆರಳು ತೋರಿಸಿ, ಬಾಯಿ ಬಿಟ್ಟು 'ಪಿನ್ನು, ಸರಿ' 'ಟೈರು, ಸರಿ' ಅಂತ ಕೂಗಿ ಹೇಳೋರು. ಮನೇಲಿ ಉಪ್ಪಿನ ಡಬ್ಬಿಗೂ ಬೆರಳು ತೋರಿಸ್ತಾರೆ ಅಂತ ಅವರ ಹೆಂಡ್ತಿ ಬೈತಿದ್ರು. ಅಂಥೋರು ಮರೀತಾರಾ? ಆ ಇನ್ಸ್‌ಪೆಕ್ಟರ್ ಅನ್ನೋ ಮಹಾಶಯ ಅವರನ್ನ ಏಳು ಗಂಟೆ ಕೂರಿಸ್ಕೊಂಡು 'ವಯಸ್ಸಾಯ್ತು ಅಜ್ಜ, ಮರೆವು' ಅಂತ ಒಪ್ಪಿಸ್ಬಿಟ್ಟ. ಇಲ್ಲಿಗೆ ಒಂದ್ ಸಲ, ಒಂದೇ ಸಲ ಬಂದು ನೋಡಿದ್ದಿದ್ರೆ ಕೇಳಿ. ಕಾಲೂ ಇಡ್ಲಿಲ್ಲ, ಮೂತಿನೂ ತೋರಿಸ್ಲಿಲ್ಲ!"

ಭೂಮಿ ಬಾಯಿ ಬಿಟ್ಟಿದ್ದರೆ ಉಸಾಮಿ ಸೀಟಿನ ಸಮೇತ ಒಳಗೆ ಹೋಗಿಬಿಡುತ್ತಿದ್ದ. ಏಳು ಗಂಟೆಯಲ್ಲ, ಎಂಟೂವರೆ ಗಂಟೆ. ಮುದುಕ ಚಹಾದ ಲೋಟಕ್ಕೂ ಬೆರಳು ತೋರಿಸಿ "ಚಹಾ, ಸರಿ" ಎಂದಾಗ ಉಸಾಮಿ ನಕ್ಕಿದ್ದ. "ಆವತ್ತು ಬೆಳಿಗ್ಗೆ ಯಾರೋ ಅತಿಥಿಗಳು ಬಂದಿದ್ರು, ನಮ್ಮನ್ನೆಲ್ಲ ಚಹಾ ಕೋಣೆಗೆ ಕಳಿಸಿದ್ರು..." ಎಂದು ಮುದುಕ ಶುರುಮಾಡಿದಾಗ, "ಅತಿಥಿಗಳ ಕತೆ ಬಿಡಿ ಅಜ್ಜ, ಈ ಮೊಹರು ನಿಮ್ಮದು ಹೌದೋ ಅಲ್ವೋ?" ಎಂದು ಬಾಯಿ ಮುಚ್ಚಿಸಿದ್ದ. ಮುದುಕ ಮೊಹರನ್ನು ನೋಡಿ ಬೆವರಿದ್ದರು. "ನಂದೇ. ನನ್ನ ಮೊಹರು ಇದೆ ಅಂದ್ಮೇಲೆ ನಾನೇ ಒತ್ತಿರ್ಬೇಕು. ಒತ್ತಿದ್ದು ನೆನಪಿಲ್ಲ ಅಂದ್ರೆ... ನನ್ನ ತಲೆ ಕೆಟ್ಟಿದೆ ಅಂತ ಆಯ್ತು, ಅಲ್ವಾ ಸಾರ್?" ಎಂದಿದ್ದರು.

ಹೌದು ಎಂದು ತಲೆಯಾಡಿಸಿದ್ದವನು ಇವನೇ.

ಮೊನ್ನೆ ಸಂಜೆ ಪೇಟೆಯ ಸಿಗ್ನಲ್ಲಿನಲ್ಲಿ ಉಸಾಮಿ ಅವರನ್ನು ಕಂಡಿದ್ದ. ಹಸಿರು ದೀಪ ಬಂದಿತು. ಕುರಾಮೊಚಿ ಬೆರಳು ಚಾಚಿ "ಹಸಿರು, ಸರಿ" ಎಂದರು, ಆದರೆ ದಾಟಲಿಲ್ಲ. ನಾಲ್ಕು ಸಲ ಹಸಿರು ಬಂದು ಹೋಯಿತು. ಐದನೆಯ ಸಲ ಪಕ್ಕದಲ್ಲಿದ್ದ ಕಾಲೇಜು ಹುಡುಗಿಯನ್ನು ಕೇಳಿದರು, "ಅಮ್ಮಾ, ಅದು ಹಸಿರೇ ತಾನೆ?" ಉಸಾಮಿ ಕಂಬದ ಹಿಂದೆ ಅಡಗಿ ನಿಂತ. ಅಪರಾಧಿಗಳನ್ನು ಹಿಡಿಯಲು ಕಂಬದ ಹಿಂದೆ ನಿಂತು ಅಭ್ಯಾಸವಿತ್ತೇ ಹೊರತು, ಹೀಗೆ ಮುಖ ಮರೆಸಿಕೊಳ್ಳಲು ನಿಂತದ್ದು ಅದೇ ಮೊದಲು.

ನಾಳೆ ಬೆಳಿಗ್ಗೆ ಹತ್ತಕ್ಕೆ ಮುದುಕ ಠಾಣೆಗೆ ಬಂದು ಕೊನೆಯ ಹೇಳಿಕೆಗೆ ಸಹಿ ಹಾಕಬೇಕು, ಅದರ ಕೆಳಗೆ ಉಸಾಮಿಯ ಮೊಹರು ಬೀಳಬೇಕು. ಅದು ಸರ್ಕಾರಿ ವಕೀಲರ ಕೈ ಸೇರಿದರೆ ಕುರಾಮೊಚಿ ಎಂಬ ಹೆಸರಿನ ಕತೆ ಮುಗಿದಂತೆ. ಶಿಕ್ಷೆ ಹಗುರವಾದೀತು. ಆದರೆ ಒಬ್ಬಳ ಕಾಲು ಮುರಿದ, ಬುದ್ಧಿ ಮಬ್ಬಾದ ಮುದುಕ ಎಂದು ತಮ್ಮನ್ನು ತಾವೇ ನಂಬಿಕೊಂಡು ಸಾಯುತ್ತಾರೆ.

"ಇಸೋಬೆ ಅಮ್ಮಾ," ಉಸಾಮಿ ಕೋಲಿನಿಂದ ಕೈ ತೆಗೆದ. "ಆ ಮಹಾಶಯ ನಾನೇ."

ಅವಳು ಏಣಿಯ ಮೇಲಿಂದ ಅವನನ್ನೇ ನೋಡಿದಳು. ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಗಲ್ಲದ ಕೆಳಗೆ ಕೈ ಹಾಕಿ ಪಟ್ಟಿ ಬಿಚ್ಚಿದಳು.

"ಹೆಲ್ಮೆಟ್ ಕೊಡಿ. ಅದು ಅತಿಥಿಗಳಿಗೆ."

* * *

ನೀಲಿ ವಿಮಾನದ ಪಕ್ಕದ ಕಂಬದಲ್ಲಿ ಒಂದು ಮೊಳೆ, ಮೊಳೆಗೆ ನೇತುಹಾಕಿದ ತಪಾಸಣೆ ಪುಸ್ತಕ. ಮೇಲೆ ಚೀಟಿ: 'ಮೆಕ್ಯಾನಿಕ್‌ಗಳು ಹೇಗೆ ಕೆಲಸ ಮಾಡುತ್ತಾರೆ? ಮುಟ್ಟಿ ನೋಡಿ!'

"ಇದು ಇಲ್ಲೇ ಇದೆಯಾ?" ಉಸಾಮಿ ಬೆಚ್ಚಿದ.

"ಮತ್ತೆಲ್ಲಿರುತ್ತೆ? ಯಾರಾದ್ರೂ ಪೊಲೀಸ್ರು ಬಂದು ತಗೊಂಡು ಹೋಗಿದ್ರೆ ತಾನೆ?"

ಅಪಘಾತದ ದಿನ ಬೀಟಿನ ಪೊಲೀಸರು ಬಂದು ಹಗ್ಗ ಕಟ್ಟಿ ಹೋಗಿದ್ದರು. ಪುಸ್ತಕದ ಆ ದಿನದ ಪುಟವನ್ನು ಮ್ಯೂಸಿಯಮ್ಮಿನ ನಿರ್ದೇಶಕ ಹನ್ಯೂದಾ ಠಾಣೆಗೆ ಫ್ಯಾಕ್ಸ್ ಮಾಡಿದ್ದ. ಹೋಗಿ ಬರುತ್ತೇನೆಂದು ಉಸಾಮಿ ಹೊರಟಾಗ ಠಾಣಾಧಿಕಾರಿ ಮುರಾಜಿ ಸಾಹೇಬರು ನಕ್ಕಿದ್ದರು. "ಮುದುಕ ಒಪ್ಕೊಂಡಾಯ್ತಲ್ಲಯ್ಯ. ಅಲ್ಲಿಗೆ ಹೋಗಿ ಮಕ್ಕಳ ಜೊತೆ ಆಟ ಆಡ್ತೀಯಾ? ಹೋಗಿದ್ದೆ ಅಂತ ಬರಿ, ಮುಗಿಸು." ಸಾಹೇಬರು ಹೇಳಿದ ಮೇಲೆ ಇಪ್ಪತ್ತೆರಡು ವರ್ಷ ಎದುರು ಮಾತಾಡದ ಬಾಯಿ ಅಂದೂ ಆಡಲಿಲ್ಲ.

ಪುಟ ತೆರೆದ. ಕೆಳಗೆ ಸಾಲಾಗಿ ಮೂರು ಚೌಕಗಳು. ಎಡತುದಿ ನಿರ್ದೇಶಕರದು, ನಡುವಿನದು ಮೇಲ್ವಿಚಾರಕರದು, ಬಲತುದಿ ಪರೀಕ್ಷಿಸಿದವರದು. ಬಲತುದಿಯ ಚೌಕದಲ್ಲಿ ಕೆಂಪು ಶಾಯಿಯಲ್ಲಿ 'ಕುರಾಮೊಚಿ' ಎಂಬ ದುಂಡು ಮೊಹರು. ಅದು ಎಡಕ್ಕೆ ತುಸು ವಾಲಿತ್ತು.

ಫ್ಯಾಕ್ಸಿನಲ್ಲೂ ವಾಲಿತ್ತು. ಕಾಗದ ಓರೆಯಾಗಿ ಬಂದಿದ್ದರಿಂದ ಎಲ್ಲವೂ ಓರೆಯಾಗಿದೆ ಎಂದುಕೊಂಡಿದ್ದ. ಇಲ್ಲಿ ಗೆರೆಗಳೆಲ್ಲ ನೆಟ್ಟಗಿದ್ದವು, ಮೊಹರು ಮಾತ್ರ ಓರೆ.

ಹಿಂದಿನ ಪುಟ ತಿರುವಿದ. ಮೊಹರು ನೆಟ್ಟಗೆ ನಿಂತಿತ್ತು. ಅದರ ಹಿಂದಿನದೂ ನೆಟ್ಟಗೆ. ಬೆರಳಿಗೆ ಎಂಜಲು ಹಚ್ಚಿಕೊಂಡು ಒಂದು ವರ್ಷ ಹಿಂದಕ್ಕೆ ಹೋದ. ಮುನ್ನೂರು ಮೊಹರುಗಳೂ ಗೆರೆ ಎಳೆದು ನಿಲ್ಲಿಸಿದಂತೆ ನೆಟ್ಟಗಿದ್ದವು.

"ಏನ್ ನೋಡ್ತಿದ್ದೀರಿ?" ಎಂದು ಬಗ್ಗಿದ ಇಸೋಬೆ, ಆ ದಿನದ ಪುಟ ಕಂಡು ಮೂಗು ಮುರಿದಳು. "ಅಯ್ಯೋ, ಇದೇನು! ಮೇಷ್ಟ್ರ ಮೊಹರು ಯಾರಿಗೋ ನಮಸ್ಕಾರ ಹಾಕ್ತಿದೆ!"

ಆಫೀಸು ಬಲ್ಲ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಬ್ಯಾಂಕು, ನಗರಸಭೆ, ಠಾಣೆ ಎಲ್ಲಿ ನೋಡಿದರೂ ಕೆಳಗಿನ ನೌಕರ ತನ್ನ ಮೊಹರನ್ನು ಎಡಕ್ಕೆ, ಮೇಲಧಿಕಾರಿಯ ಚೌಕದ ಕಡೆಗೆ, ಸ್ವಲ್ಪ ವಾಲಿಸಿ ಒತ್ತುತ್ತಾನೆ. ಕಾಗದದ ಮೇಲೂ ತಲೆಬಾಗಿ ನಿಂತಂತೆ ಕಾಣಲಿ ಎಂದು. ಹಾಗೆ ಮಾಡಿ ಎಂದು ಯಾವ ಕಾನೂನೂ ಹೇಳುವುದಿಲ್ಲ. ಎರಡು ವರ್ಷ ಮಾಡಿದರೆ ಕೈಗೆ ನೆಟ್ಟಗೆ ಒತ್ತುವುದು ಮರೆತೇ ಹೋಗುತ್ತದೆ.

"ನಾವು ಕಾರ್ಖಾನೆ ಜನ, ನಮಗೆ ಈ ಬಗ್ಗೋದು ಬಳಕೋದು ಗೊತ್ತಿಲ್ಲ," ಇಸೋಬೆ ಹೇಳಿದಳು. "ಮೆಕ್ಯಾನಿಕ್ ಮೊಹರು ಓರೆ ಆದ್ರೆ ಪುಟಾನೇ ವಾಪಸ್ ಬರ್ತಿತ್ತು, ಅವಸರದಲ್ಲಿ ಒತ್ತಿದ್ದೀಯಾ ಅಂತ. ಇಲ್ಲಿ ಸೇವೆ ಮಾಡೋ ಹದಿಮೂರು ಜನಾನೂ ಹಂಗೇ."

"ಇಲ್ಲಿ ಆಫೀಸಿನಿಂದ ಬಂದವರು ಯಾರೂ ಇಲ್ವಾ?"

ಅವಳ ಕಣ್ಣು ಮಹಡಿಯ ಮೇಲಿನ ನಿರ್ದೇಶಕರ ಗಾಜಿನ ಕೋಣೆಯತ್ತ ಹೋಯಿತು.

ಉಸಾಮಿ ಉತ್ತರಕ್ಕಾಗಿ ಕಾಯದೆ ವಿಮಾನದ ಸುತ್ತ ನಡೆದ. ಕಾಲು ಮುರಿದ ಚಕ್ರದ ಪಕ್ಕದಲ್ಲೇ, ಮೂರು ಹೆಜ್ಜೆಯಾಚೆ, ಹಗ್ಗದ ಹೊರಗೆ, ಒಂದು ಮರದ ಪೆಟ್ಟಿಗೆ ಇತ್ತು. ಮುಂದೆ ಕೈ ತೂರಿಸಲು ಎರಡು ತೂತು. 'ಕಣ್ಣಿಗೆ ಕಾಣದು, ಕೈಗೆ ತಿಳಿದೀತೇ? ಹನ್ನೆರಡು ಬಿಡಿಭಾಗಗಳನ್ನು ಗುರುತಿಸಿ.'

ಕೈ ಹಾಕಿದ. ಒಂದೊಂದಾಗಿ ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಅಮ್ಮಾ, ಹದಿಮೂರಿದೆ."

"ಸಾಧ್ಯಾನೇ ಇಲ್ಲ. ಪ್ರತಿ ಸಂಜೆ ಎಣಿಸಿ ಬೀಗ ಹಾಕ್ತೀವಿ. ಒಂದು ನಟ್ಟು ಕಮ್ಮಿ ಆದ್ರೂ ಯಾರೂ ಮನೆಗೆ ಹೋಗಲ್ಲ."

"ಕಮ್ಮಿ ಆದ್ರೆ ಸರಿ. ಜಾಸ್ತಿ ಆದ್ರೆ?"

ಇಸೋಬೆ ದಡಬಡಿಸಿ ಪೆಟ್ಟಿಗೆಯ ಹಿಂಬಾಗಿಲು ತೆರೆದಳು. "ಈ ಪೆಟ್ಟಿಗೆ ಎಣಿಸೋದು ಸೆರಿಜಾವಾ ಕೆಲಸ," ಎಂದಳು ಸಣ್ಣ ದನಿಯಲ್ಲಿ. "ಅವಳು ಆಸ್ಪತ್ರೆ ಸೇರಿದ್ಮೇಲೆ ಯಾರೂ ಎಣಿಸಿಲ್ಲ." ಬಿಡಿಭಾಗಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಬೆರಳು ತೋರಿಸಿ, ಕೂಗಿ, ಹನ್ನೆರಡು ಹೆಸರು ಹೇಳಿದಳು. ಹದಿಮೂರನೆಯದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಲಾಕ್ ಪಿನ್ನು."

ಗೇಣುದ್ದದ ಉಕ್ಕಿನ ಪಿನ್ನು. ತುದಿಯ ಬಳೆಯಲ್ಲಿ ಕತ್ತರಿಸಿ ಉಳಿದ ಕೆಂಪು ನೂಲಿನ ಎರಡು ಎಳೆ. ಎಲ್ಲ ಪಿನ್ನಿಗೂ ಮೊಳದುದ್ದದ ಕೆಂಪು ಪಟ್ಟಿ ಕಟ್ಟಿರುತ್ತಾರೆ, ಹಾಕಿದೆಯೋ ಇಲ್ಲವೋ ದೂರದಿಂದಲೇ ಕಾಣಲಿ ಎಂದು. ಈ ಪಟ್ಟಿಯನ್ನು ಯಾರೋ ಕತ್ತರಿಯಿಂದ ತೆಗೆದಿದ್ದರು. ಅಪಘಾತದ ದಿನದಿಂದ ನೂರಾರು ಕೈಗಳು ಇದನ್ನು ಮುಟ್ಟಿ, ಸವರಿ, ಇದೇನೆಂದು ತಿಳಿಯದೆ ನಕ್ಕು ಮುಂದೆ ಹೋಗಿದ್ದವು. ಇನ್ನು ಬೆರಳಚ್ಚಿನ ಮಾತೇ ಇಲ್ಲ.

'ಪಿನ್ನು ಪತ್ತೆಯಾಗಿಲ್ಲ. ಆರೋಪಿಯು ಅದನ್ನು ಹಾಕಿಯೇ ಇರಲಿಲ್ಲ' ಎಂದು ಉಸಾಮಿ ಬರೆದಿದ್ದ. ಹುಡುಕಿದೆ ಎಂದೂ ಬರೆದಿದ್ದ.

* * *

ನಿರ್ದೇಶಕ ಹನ್ಯೂದಾ ನಗರಸಭೆಯಲ್ಲಿ ಮೂವತ್ತೈದು ವರ್ಷ ಕಾಗದ ದಾಟಿಸಿ ನಿವೃತ್ತನಾಗಿ ಈ ಕುರ್ಚಿಗೆ ಬಂದವನು. ಅವನ ಮೇಜಿನ ಮೇಲೆ ಪೆನ್ಸಿಲ್ಲುಗಳು ಸಹ ಉದ್ದದ ಪ್ರಕಾರ ಮಲಗಿದ್ದವು. ಉಸಾಮಿ ಪುಸ್ತಕವನ್ನೂ ಪಿನ್ನನ್ನೂ ಮುಂದಿಟ್ಟಾಗ ಅವನು ಪಿನ್ನನ್ನು ನೋಡಲಿಲ್ಲ. ಪುಸ್ತಕವನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿದ.

"ಇನ್ಸ್‌ಪೆಕ್ಟರ್ ಸಾಹೇಬ್ರು ಬಂದ್ರಲ್ಲ ಕೊನೆಗೂ. ಬಾರ್ಲಿ ಚಹಾ ಹೇಳ್ಲಾ?"

"ಈ ಮೊಹರು ಒತ್ತಿದ್ದು ಯಾರು?"

"ಕುರಾಮೊಚಿ ಅವರು. ನೀವೇ ಬರೆದಿದ್ದೀರಲ್ಲ."

"ಕುರಾಮೊಚಿ ಒಂದು ವರ್ಷದಲ್ಲಿ ಒಂದ್ ಸಲನೂ ನಿಮಗೆ ತಲೆಬಾಗಿಲ್ಲ ಹನ್ಯೂದಾ ಅವರೇ. ಅಪಘಾತ ಆದ ದಿನಾನೇ ಬಾಗಬೇಕು ಅಂತ ಅನ್ನಿಸ್ತಾ ಅವರಿಗೆ?"

ಹನ್ಯೂದಾ ಮೊಹರನ್ನು ನೋಡಿದ. ನೋಡುತ್ತಾ ನೋಡುತ್ತಾ ಅವನ ಮುಖ ಹುಳ್ಳಗಾಯಿತು. ಅಷ್ಟು ದಿನ ಆ ಪುಟ ಅವನ ಕಣ್ಣೆದುರೇ ಇದ್ದರೂ ಅವನಿಗೆ ಅದು ಓರೆಯಾಗಿ ಕಂಡೇ ಇರಲಿಲ್ಲ. ಅವನ ಕಣ್ಣಿಗೆ ಮೊಹರು ಎಂದರೆ ಇರಬೇಕಾದ್ದೇ ಹಾಗೆ.

"ನಿಮಗೆ ನೀವೇ ನಮಸ್ಕಾರ ಹಾಕ್ಕೊಂಡಿದ್ದೀರಿ," ಉಸಾಮಿ ಹೇಳಿದ.

ಗಾಜಿನಾಚೆ ಕೆಳಗೆ ಇಸೋಬೆ ಕತ್ತೆತ್ತಿ ನಿಂತಿದ್ದಳು. ಹನ್ಯೂದಾ ಎದ್ದು ಪರದೆ ಎಳೆದ. ಕೂತ. ಮೇಜಿನ ಡ್ರಾಯರ್ ಎಳೆದು ತೋರಿಸಿದ. ಒಳಗೆ ಸಣ್ಣ ಸಣ್ಣ ಖಾನೆಗಳಲ್ಲಿ ಅವನದೂ ಸೇರಿ ಹದಿನಾಲ್ಕು ಮೊಹರುಗಳು, ಒಂದೊಂದಕ್ಕೂ ಹೆಸರಿನ ಚೀಟಿ. ಸೆರಿಜಾವಾಳ ಹೆಸರೂ ಇತ್ತು.

"ಎಲ್ಲರ ಮೊಹರೂ ಇಲ್ಲೇ ಇರುತ್ತೆ. ಯಾರಾದ್ರೂ ರಜಾ ಹಾಕಿದ್ರೆ ಕಾಗದ ನಿಲ್ಲಬಾರದಲ್ಲ. ಎಲ್ಲ ಆಫೀಸಿನಲ್ಲೂ ಹೀಗೇ. ನಿಮ್ಮದು ಎಲ್ಲಿದೆ ಸಾರ್, ಜೇಬಲ್ಲಿದೆಯಾ?"

ಉಸಾಮಿಯ ಮೊಹರೂ ಠಾಣೆಯಲ್ಲಿ ಅವನ ಮೇಜಿನ ಡ್ರಾಯರಿನಲ್ಲಿ, ಬೀಗವಿಲ್ಲದೆ ಇತ್ತು.

"ಆವತ್ತು ಬೆಳಿಗ್ಗೆ ಕುರಾಮೊಚಿ ಪಿನ್ ಹಾಕಿದ್ರು," ಹನ್ಯೂದಾ ಮೆಲ್ಲಗೆ ಹೇಳಿದ. "ಬೆರಳು ತೋರಿಸಿ ಕೂಗಿದ್ದು ನಾನೇ ಕೇಳಿದೀನಿ. ಏಳು ಬಾಬ್ತಿನಲ್ಲಿ ಐದು ಮುಗಿದಿತ್ತು. ಎಲ್ಲಾ ಮುಗೀದೆ ಅವರು ಮೊಹರು ಒತ್ತಲ್ಲ. ಅಷ್ಟರಲ್ಲಿ ಅತಿಥಿಗಳು ಬಂದ್ರು. ಚಹಾ ಕೋಣೆಗೆ ಹೋಗಿ ಅಂತ ನಾನೇ ಕಳಿಸ್ದೆ. ಅತಿಥಿಗಳು ಹೋದ್ರು, ಬಾಗಿಲು ತೆರೆಯೋ ಹೊತ್ತಾಯ್ತು, ಜನ ನುಗ್ಗಿದ್ರು. ಆಮೇಲೆ..." ಕಣ್ಣು ಮುಚ್ಚಿದ. "ಆಂಬುಲೆನ್ಸ್ ಹೋದ್ಮೇಲೆ ಪುಸ್ತಕ ನೋಡ್ತೀನಿ, ಚೌಕ ಖಾಲಿ. ಮೊಹರಿಲ್ಲದೆ ಬಾಗಿಲು ತೆರೆದಿದ್ದು ಅಂದ್ರೆ ನಿರ್ದೇಶಕನ ತಪ್ಪು. ಕೈ ತಾನಾಗೇ ಹೋಯ್ತು ಸಾರ್. ಖಾಲಿ ಚೌಕ ನೋಡಿದ್ರೆ ನನ್ನ ಕೈ ಸುಮ್ನಿರಲ್ಲ."

"ಪಿನ್ನು?"

"ಕಿತ್ತಿದ್ದು ಅತಿಥಿಗಳಿಗಾಗಿ. ಕೈಗೆ ಸಿಕ್ಕ ಪೆಟ್ಟಿಗೇಲಿ ಇಟ್ರು, ಹೋಗುವಾಗ ಮರೆತ್ರು. ನಾನೂ ಮರೆತೆ. ಆಮೇಲೆ ಯಾರಿಗೂ ಗುರುತು ಸಿಗಬಾರದು ಅಂತ ಪಟ್ಟಿ ಮಾತ್ರ ಕತ್ತರಿಸಿದೆ."

"ಪಟ್ಟಿ ಕತ್ತರಿಸಿದ ಕೈಗೆ ಪಿನ್ ಸಮುದ್ರಕ್ಕೆ ಎಸೆಯೋಕೆ ಆಗ್ಲಿಲ್ವಾ? ನಾನು ಇನ್ನು ನೂರು ವರ್ಷ ಆದ್ರೂ ಕಂಡುಹಿಡೀತಿರ್ಲಿಲ್ಲ."

ಹನ್ಯೂದಾ ನಿಜಕ್ಕೂ ಗಾಬರಿಯಿಂದ ತಲೆಯೆತ್ತಿದ. "ಎಸೆಯೋದಾ? ಅದರ ಮೇಲೆ ದಾಸ್ತಾನು ಸಂಖ್ಯೆ ಕೆತ್ತಿದೆ! ನಗರಸಭೆ ಆಸ್ತಿ ಅದು."

ಬೇರೆ ದಿನವಾಗಿದ್ದರೆ ಉಸಾಮಿ ನಗುತ್ತಿದ್ದ. ಮುದುಕನೊಬ್ಬನ ಮರ್ಯಾದೆಯನ್ನು ಚರಂಡಿಗೆ ಎಸೆದವನಿಗೆ ಒಂದು ಪಿನ್ನು ಎಸೆಯಲು ಕೈ ಬಂದಿರಲಿಲ್ಲ.

"ನಡೀರಿ ಠಾಣೆಗೆ. ಇದೇ ಮಾತು ಅಲ್ಲಿ ಹೇಳಿ."

"ಹೇಳ್ತೀನಿ. ಆದ್ರೆ ನೀವೇನ್ ಹೇಳ್ತೀರಿ?"

ಹನ್ಯೂದಾ ಕಪಾಟಿನಿಂದ ಒಂದು ಕಡತ ತೆಗೆದು ತೆರೆದ. ಉಸಾಮಿಯದೇ ವರದಿ, ಮ್ಯೂಸಿಯಮ್ಮಿಗೆ ಕಳಿಸಿದ ಪ್ರತಿ.

"ಹನ್ನೆರಡು ದಿನದ ಹಿಂದೇನೇ ನೀವು ಈ ಪುಸ್ತಕ ಕಣ್ಣಾರೆ ನೋಡಿದ್ದೀರಿ. ಪೆಟ್ಟಿಗೆ, ಮೂಲೆ, ಎಲ್ಲಾ ಹುಡುಕಿದ್ದೀರಿ. ಮೊಹರು ಕುರಾಮೊಚಿದೇ ಅಂತ ಖಾತ್ರಿ ಮಾಡ್ಕೊಂಡಿದ್ದೀರಿ. ಈಗ ಅಲ್ಲ ಅಂದ್ರೆ ಆವತ್ತು ಬಂದೇ ಇರ್ಲಿಲ್ಲ ಅಂತ ಒಪ್ಕೋಬೇಕಾಗುತ್ತೆ." ಪುಟದ ಕೆಳಗೆ ಬೆರಳಿಟ್ಟ. "ಇದು ನಿಮ್ಮ ಮೊಹರು ತಾನೆ? ನೋಡಿ, ಎಷ್ಟು ಚೆನ್ನಾಗಿ ಬಾಗಿದೆ. ನಂದಕ್ಕಿಂತ ಜಾಸ್ತಿನೇ ಬಾಗಿದೆ."

ಬಾಗಿತ್ತು. ಠಾಣಾಧಿಕಾರಿ ಮುರಾಜಿಯವರ ಚೌಕದ ಕಡೆಗೆ, ಹಣೆ ನೆಲಕ್ಕೆ ತಾಗುವಂತೆ. ಉಸಾಮಿಯ ಕಿವಿಯ ತುದಿಯವರೆಗೆ ಬಿಸಿಯೇರಿತು. ಈ ಕೋಣೆಯಲ್ಲಿ ಇದ್ದವರು ಒಬ್ಬ ಪೊಲೀಸು, ಒಬ್ಬ ಕಳ್ಳ ಅಲ್ಲ. ಒಂದೇ ಕಸುಬಿನ ಇಬ್ಬರು.

"ಬಂದಿರ್ಲಿಲ್ಲ," ಎಂದ. ಹೊರಬಂದ ದನಿ ಅವನಿಗೆ ಮಾತ್ರ ಕೇಳುವಷ್ಟು ಸಣ್ಣದಿತ್ತು. ಮತ್ತೆ ಹೇಳಿದ. "ನಾನು ಬಂದಿರ್ಲಿಲ್ಲ. ಎಲ್ಲಿ ಬೇಕಾದ್ರೂ ಒಪ್ಕೋತೀನಿ. ಕೆಲಸ ಹೋದ್ರೆ ಹೋಗ್ಲಿ. ಈಗ ಹೇಳಿ, ಯಾರು ಆ ಅತಿಥಿಗಳು?"

ಹನ್ಯೂದಾ ಕಡತ ಮುಚ್ಚಿದ. ಅವನ ಮುಖದಲ್ಲಿ ಮೊದಲ ಸಲ ಕನಿಕರದಂಥದ್ದೇನೋ ಕಾಣಿಸಿತು.

"ನಿಮಗೆ ನಿಜವಾಗ್ಲೂ ಗೊತ್ತಿಲ್ವಾ? ಗೊತ್ತಿದ್ದೇ ಮುಚ್ಚಿಹಾಕಿದ್ರಿ ಅಂದ್ಕೊಂಡಿದ್ದೆ." ಮೊಬೈಲು ತೆಗೆದು ಒಂದು ಚಿತ್ರ ಹುಡುಕಿದ. "ನಗರಸಭೇಲಿ ಮೂವತ್ತೈದು ವರ್ಷ ಇದ್ದೋನು ಸಾರ್ ನಾನು. ಎಲ್ಲದಕ್ಕೂ ಒಂದು ಪ್ರತಿ ಇಟ್ಕೊಂಡಿರ್ತೀನಿ."

ನೀಲಿ ವಿಮಾನ. ಅದರ ಮೂತಿಯ ಮುಂದೆ ಬಿಳಿ ಕೈಗವಸು ತೊಟ್ಟು, ಎದೆ ಉಬ್ಬಿಸಿ, ಸಲಾಮು ಹೊಡೆದು ನಗುತ್ತಿದ್ದವರು ಠಾಣಾಧಿಕಾರಿ ಮುರಾಜಿ. ಹಿಂದೆ ಚಕ್ರದ ಕಾಲು ಬೋಳಾಗಿತ್ತು. ಕೆಂಪು ಪಟ್ಟಿ ಇರಲಿಲ್ಲ.

"ರಸ್ತೆ ಸುರಕ್ಷತೆ ಕರಪತ್ರಕ್ಕೆ ಫೋಟೋ. ಬೆಳಿಗ್ಗೆ ಎಂಟೂವರೆಗೆ, ಒಬ್ಬ ಕ್ಯಾಮೆರಾದವನ ಜೊತೆ ಬಂದಿದ್ರು. 'ಆ ಕೆಂಪು ಬಟ್ಟೆ ನಾಲಿಗೆ ಚಾಚಿದ ಹಾಗೆ ಕಾಣುತ್ತೆ, ತೆಗೀರಿ' ಅಂದ್ರು. ನಾನು ತಡವರಿಸ್ದೆ. ಅವರೇ ಕಿತ್ರು."

ಉಸಾಮಿಯ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಮಧ್ಯಾಹ್ನ ಟಿಕೆಟ್ ಕೊಳ್ಳುವಾಗ ಕರವಸ್ತ್ರದ ಜೊತೆ ಹೊರಬಿದ್ದ ಠಾಣೆಯ ಈ ವರ್ಷದ ಕರಪತ್ರ ಅಲ್ಲಿತ್ತು. ಅದರ ಮೇಲೆ ಪೊಲೀಸ್ ಟೋಪಿ ಹಾಕಿದ, ಸೊಟ್ಟ ಕಾಲಿನ ಒಂದು ಬೆಕ್ಕು. "ಇದೇನು ಬೆಕ್ಕೋ ಹಂದಿಯೋ? ಪ್ರತಿವರ್ಷ ಸಾಹೇಬ್ರ ಫೋಟೋ ಇರ್ತಿತ್ತಲ್ಲ," ಎಂದು ಇಸೋಬೆ ನಕ್ಕಿದ್ದಳು. ಠಾಣೆಯಲ್ಲೂ ಎಲ್ಲರೂ ನಕ್ಕಿದ್ದರು. ಈ ವರ್ಷ ಫೋಟೋ ಬೇಡ, ಬೆಕ್ಕೇ ಇರಲಿ ಎಂದು ಸಾಹೇಬರು ಅವಸರವಸರವಾಗಿ ಹೇಳಿದ್ದಕ್ಕೆ ಉಸಾಮಿಯೂ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ.

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ತೆರೆಯ ಮೇಲೆ ಸಾಹೇಬರ ಹೆಸರು.

"ಎಲ್ಲಿದ್ದೀಯಯ್ಯಾ?" ಮುರಾಜಿಯವರ ದನಿ ಎಂದಿನಂತೆ ಬೆಚ್ಚಗಿತ್ತು.

"ಮ್ಯೂಸಿಯಮ್‌ನಲ್ಲಿದ್ದೀನಿ ಸಾರ್."

ಆ ಕಡೆ ಕುರ್ಚಿ ಕಿರುಗುಟ್ಟಿತು.

"ರಜಾ ಹಾಕಿದ್ದು ಅದಕ್ಕಾ? ಆಯ್ತು, ಆಟ ಆಡ್ಕೊಂಡು ಬಾ. ನಿನ್ನ ಮುದುಕ ಒಂದು ದಿನ ಮುಂಚೆನೇ ಬಂದು ನಿನ್ನ ಮೇಜಿನ ಮುಂದೆ ಕೂತಿದ್ದಾನೆ. ಮನೇಲಿ ಇರೋಕಾಗ್ತಿಲ್ಲವಂತೆ, ಇವತ್ತೇ ಸಹಿ ಹಾಕಿಸ್ಕೊಳ್ಳಿ ಅಂತ ಕೈ ಮುಗೀತಿದ್ದಾನೆ, ಪಾಪ. ಐದು ಗಂಟೆ ಗಾಡಿಗೆ ಕಾಗದ ವಕೀಲರ ಆಫೀಸಿಗೆ ಹೋಗ್ಬಿಡುತ್ತೆ."

ಗೋಡೆಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತೈದು. ಠಾಣೆಗೆ ನಲವತ್ತು ನಿಮಿಷದ ದಾರಿ.

"ಸಾರ್, ನಾನು ಬರೋವರೆಗೂ ನಿಲ್ಲಿಸಿ. ನಾನು ಇವತ್ತಿನವರೆಗೂ ಇಲ್ಲಿಗೆ ಬಂದಿರ್ಲಿಲ್ಲ ಅಂತ ನಿಮಗೇ ಗೊತ್ತು. ಹೇಳಿಕೆಗೆ ನಾನು ಮೊಹರು ಹಾಕಲ್ಲ. ಪಿನ್ನು ಸಿಕ್ಕಿದೆ. ಫೋಟೋನೂ ನೋಡಿದೆ."

ಸಾಹೇಬರ ಹಿಂದಿನಿಂದ, ಅದೇ ಕೋಣೆಯಿಂದ, ಒಂದು ಮೆತ್ತಗಿನ ಮುದಿ ದನಿ ಕೇಳಿಸುತ್ತಿತ್ತು. ಕುರಾಮೊಚಿ ತಮ್ಮ ಹೇಳಿಕೆಯ ಒಂದೊಂದು ಸಾಲಿಗೂ ಬೆರಳಿಟ್ಟು ಪರೀಕ್ಷಿಸುತ್ತಿದ್ದರು.

"ಹೆಸರು, ಸರಿ. ತಾರೀಖು, ಸರಿ."

"ಸಾರ್, ಫೋನು ಅವರಿಗೆ ಕೊಡಿ. ಒಂದೇ ಮಾತು ಹೇಳ್ತೀನಿ. ಅವರ ತಲೆ ಸರಿಯಾಗೇ ಇದೆ ಅಂತ ಹೇಳ್ಬೇಕು. ಸಾರ್!"

"ಪಿನ್ನು ಹಾಕಲು ಮರೆತೆ," ದೂರದಿಂದ ಆ ದನಿ ಓದಿತು. ಒಂದು ಉಸಿರಿನಷ್ಟು ತಡೆಯಿತು. "...ಸರಿ."

"ನೀನು ಅವಸರ ಮಾಡ್ಕೊಂಡು ಬರೋದೇನೂ ಬೇಡ ಉಸಾಮಿ," ಮುರಾಜಿಯವರು ತಣ್ಣಗೆ ಹೇಳಿದರು. "ನಿನ್ನ ಮೊಹರು ನಿನ್ನ ಡ್ರಾಯರಿನಲ್ಲೇ ಇದೆಯಲ್ಲ."

ಡ್ರಾಯರು ಎಳೆದ ಸದ್ದಾಯಿತು. ಆಮೇಲೆ, ಇಪ್ಪತ್ತೆರಡು ವರ್ಷ ದಿನಕ್ಕೆ ಹತ್ತು ಸಲ ಕೇಳಿದ್ದ ಸದ್ದು. ಕೆಂಪು ಶಾಯಿಯ ಡಬ್ಬಿಯ ಮುಚ್ಚಳ ತೆರೆದುಕೊಂಡಿತು.